ಅಪ್ಪನನ್ನು ಅನ್ನಾ ಕ್ರೀಕ್ ಕಡೆ ಕರೆದುಕೊಂಡು ಹೋಗಬೇಕು: ಅಷ್ಟು ದೊಡ್ಡ ಬಯಲಲ್ಲಿ ಸಂಜೆ ದನಗಳನ್ನು ಯಾರು ಹೊಡೆದುಕೊಂಡು ಬರುತ್ತಾರೆ?

ತಿಪಟೂರಿನವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಅಡಿಲೇಡ್‌ಗೆ ಬಂದು ನಾಲ್ಕು ವರ್ಷವಾಯಿತು. ಈ ಜುಲೈಗೆ ಅಪ್ಪ ಬರುತ್ತಿದ್ದಾರೆ. ಅಮ್ಮನನ್ನೂ ಕರೆದೆ, ದನ ಬಿಟ್ಟು ಇಬ್ಬರೂ ಬರೋಕಾಗಲ್ಲ, ಈ ಸಲ ಅವರು ಬರಲಿ ಎಂದರು. ಅಪ್ಪನಿಗೆ 68. ತಿಪಟೂರಿನ ಹತ್ತಿರ ನಮ್ಮ ಹಳ್ಳಿ. ಈಗಲೂ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು, ಎರಡು ಹಸು, ಒಂದು ಕಡಸು ಇವೆ.

ಇಲ್ಲಿಗೆ ಬಂದವರನ್ನು ಎಲ್ಲರೂ ಬೀಚು, ಸಿಡ್ನಿ ಅಂತ ಕರೆದುಕೊಂಡು ಹೋಗುತ್ತಾರೆ. ಅಪ್ಪನಿಗೆ ಅದ್ಯಾವುದೂ ಬೇಡ. ಹೋದ ವಾರ ವಿಡಿಯೋ ಕಾಲ್‌ನಲ್ಲಿ ಮಾತಾಡುವಾಗ ಅವರಿಗೆ ಅನ್ನಾ ಕ್ರೀಕ್ ಬಗ್ಗೆ ಹೇಳಿದೆ. ದಕ್ಷಿಣ ಆಸ್ಟ್ರೇಲಿಯಾದ ಉತ್ತರದ ಬಯಲಲ್ಲಿರುವ ದನದ ಸ್ಟೇಷನ್ ಅದು (ದನ ಸಾಕುವ ದೊಡ್ಡ ಜಾಗಕ್ಕೆ ಇಲ್ಲಿ ಸ್ಟೇಷನ್ ಅನ್ನುತ್ತಾರೆ), ಜಗತ್ತಿನಲ್ಲೇ ದೊಡ್ಡದು, ಸುಮಾರು 23,700 ಚದರ ಕಿಲೋಮೀಟರ್. ಲೆಕ್ಕ ಹಾಕಿ ನೋಡಿದೆ, ನಮ್ಮ ಇಡೀ ತುಮಕೂರು ಜಿಲ್ಲೆಯನ್ನು ಎರಡು ಸಲ ಅದರೊಳಗೆ ಇಟ್ಟರೂ ಜಾಗ ಮಿಗುತ್ತದೆ. ತುಮಕೂರಲ್ಲಿ 2011ರ ಜನಗಣತಿ ಪ್ರಕಾರ 26 ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ಅಲ್ಲಿ ಒಂದು ಮನೆ, ಒಂದಿಷ್ಟು ಕೆಲಸದವರು, ಹತ್ತಿರದ ಊರು ಅಂದರೆ ವಿಲಿಯಂ ಕ್ರೀಕ್, ಅಲ್ಲೂ ಹತ್ತು ಹದಿನೈದು ಜನ ಅಷ್ಟೇ.

ಅಪ್ಪ ಉಪಗ್ರಹದ ಚಿತ್ರ ಕಳಿಸು ಎಂದರು. ಕಳಿಸಿದೆ. ಬಹಳ ಹೊತ್ತು ನೋಡಿ, ‘ಅಷ್ಟು ದೂರಕ್ಕೂ ಒಂದು ಕೆರೆ ಇಲ್ವಲ್ಲೋ, ನೀರೆಲ್ಲಿ ಕುಡೀತಾವೆ? ಸಂಜೆ ಯಾರು ಹೊಡ್ಕಂಡು ಬರ್ತಾರೆ?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಇನ್ನೊಂದು ಕೇಳಿದರು: ‘ಅಷ್ಟು ಜಾಗ ಖಾಲಿ ಬಿದ್ದೈತಲ್ಲ, ಅಲ್ಲಿ ಯಾರೂ ಯಾಕೆ ಬೇಸಾಯ ಮಾಡ್ಲಿಲ್ಲ?’

ಜುಲೈ ಕೊನೆಗೆ ಅಡಿಲೇಡ್‌ನಿಂದ ಮಾರೀ, ಅಲ್ಲಿಂದ ಊಡ್ನಡಾಟಾ ಟ್ರ್ಯಾಕ್ ಎಂಬ ಮಣ್ಣುರಸ್ತೆ ಹಿಡಿದು ವಿಲಿಯಂ ಕ್ರೀಕ್, ಆಮೇಲೆ ಕೂಬರ್ ಪೀಡಿ ಮೇಲೆ ವಾಪಸ್ ಅಂತ ಅಂದುಕೊಂಡಿದ್ದೇನೆ. ಬಿಪಿ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರನ್ನು ಅಂಥ ಕಡೆ ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ನರ್ಸಮ್ಮ_ಶಿವಮೊಗ್ಗ

ಧಾರಾಳವಾಗಿ ಕರೆದುಕೊಂಡು ಹೋಗಿ ತಮ್ಮಾ. ಜುಲೈ ಅಂದರೆ ಅಲ್ಲಿ ಒಳ್ಳೆಯ ಕಾಲ. ಹಗಲು ಹದಿನೆಂಟು ಇಪ್ಪತ್ತು ಡಿಗ್ರಿ ಇರುತ್ತದೆ. ರಾತ್ರಿ ಮಾತ್ರ ಐದಕ್ಕೆ, ಕೆಲವು ಸಲ ಅದಕ್ಕೂ ಕೆಳಗೆ ಇಳಿಯುತ್ತದೆ, ಅಪ್ಪನಿಗೆ ಉಣ್ಣೆ ಟೋಪಿ, ದಪ್ಪ ಕಂಬಳಿ ಇಟ್ಟುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಯಾರು ಕರೆದರೂ ಹೋಗಬೇಡಿ. ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ.

ನಾನು ಆ ಕಡೆಯ ಒಂದು ಪುಟ್ಟ ಕ್ಲಿನಿಕ್‌ನಲ್ಲಿ ಹತ್ತು ತಿಂಗಳು ಕೆಲಸ ಮಾಡಿದ್ದೆ. ಅಲ್ಲಿನ ವ್ಯವಸ್ಥೆ ಬಗ್ಗೆ ಹೇಳಿದರೆ ನಿಮ್ಮ ಅಪ್ಪನಿಗೂ ಧೈರ್ಯ ಬರುತ್ತದೆ. ಡಾಕ್ಟರು ವಿಮಾನದಲ್ಲಿ ಬರುತ್ತಾರೆ. ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಅಂತ, ಜಾನ್ ಫ್ಲಿನ್ ಎಂಬ ಪಾದ್ರಿ 1928ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕ್ಲಾಂಕರಿಯಲ್ಲಿ ಶುರು ಮಾಡಿದ್ದು. ಈ ಭಾಗಕ್ಕೆ ಪೋರ್ಟ್ ಆಗಸ್ಟಾದಿಂದ ವಿಮಾನ ಬರುತ್ತದೆ. ಹೆಚ್ಚಿನ ಸ್ಟೇಷನ್‌ಗಳಿಗೆ ತಮ್ಮದೇ ಮಣ್ಣಿನ ರನ್‌ವೇ ಇರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಲ್ಲಿನ ಔಷಧಿ ಪೆಟ್ಟಿಗೆ. ದೂರದ ಸ್ಟೇಷನ್ ಮನೆಗಳಲ್ಲಿ ಒಂದು ದೊಡ್ಡ ಪೆಟ್ಟಿಗೆ ಇಟ್ಟಿರುತ್ತಾರೆ. ಒಳಗಿನ ಪ್ರತಿ ಔಷಧಿಗೂ ಒಂದು ನಂಬರು. ಮಗುವಿಗೆ ಜ್ವರ ಬಂದರೆ ತಾಯಿ ಫೋನ್ ಮಾಡುತ್ತಾಳೆ, ಆ ಕಡೆಯಿಂದ ಡಾಕ್ಟರು ಪೂರ್ತಿ ಕೇಳಿಸಿಕೊಂಡು ಇಂಥ ನಂಬರಿನ ಮಾತ್ರೆ, ಇಷ್ಟು ಹೊತ್ತಿಗೆ ಒಂದು ಅಂತ ಹೇಳುತ್ತಾರೆ. ಔಷಧಿಯ ಹೆಸರು ತಪ್ಪಾಗಿ ಕೇಳಿಸುವ ಭಯವೇ ಇಲ್ಲ. ಹಿಂದೆ ಪೆಡಲ್ ತುಳಿದು ಓಡಿಸುವ ರೇಡಿಯೋ ಇದ್ದ ಕಾಲದಿಂದ ಬಂದ ಪದ್ಧತಿ ಇದು. ಗರಗರ ಸದ್ದಿನ ನಡುವೆ ಉದ್ದುದ್ದ ಹೆಸರು ಹೇಳುವುದಕ್ಕಿಂತ ನಂಬರು ಹೇಳುವುದು ಸುಲಭ ಅಲ್ವಾ.

ನೀವು ಮಾಡಬೇಕಾದದ್ದು: ಅಪ್ಪನ ಮಾತ್ರೆ ಪ್ರವಾಸದ ದಿನಗಳಿಗಿಂತ ಹತ್ತು ದಿನ ಜಾಸ್ತಿ ಇಟ್ಟುಕೊಳ್ಳಿ. ಯಾಕೆಂದರೆ ಮಳೆ. ನಾಲ್ಕು ಹನಿ ಬಿದ್ದರೂ ಆ ಮಣ್ಣು ಸೋಪಿನಂತೆ ಜಾರುತ್ತದೆ, ರಸ್ತೆ ಮುಚ್ಚಿಬಿಡುತ್ತಾರೆ. ಒಂದು ಸಲ ನಾನು ಎರಡು ದಿನಕ್ಕೆ ಅಂತ ಹೋದವಳು ಆರು ದಿನ ಸಿಕ್ಕಿಕೊಂಡಿದ್ದೆ. ಮುಚ್ಚಿದ ರಸ್ತೆಯಲ್ಲಿ ಗಾಡಿ ಓಡಿಸಿದರೆ ದಂಡ ಬೀಳುತ್ತದೆ, ಜೊತೆಗೆ ಹೂತುಕೊಂಡು ಒದ್ದಾಡಬೇಕಾಗುತ್ತದೆ. ಹೊರಡುವ ದಿನ ಬೆಳಿಗ್ಗೆ ರಸ್ತೆ ತೆರೆದಿದೆಯಾ ಅಂತ ನೋಡಿಯೇ ಹೊರಡಿ. ಮೊಬೈಲ್ ಸಿಗ್ನಲ್ ಬಹುತೇಕ ಇರುವುದಿಲ್ಲ. ಒಂದು ಸ್ಯಾಟಲೈಟ್ ಫೋನ್ ಬಾಡಿಗೆಗೆ ತೆಗೆದುಕೊಳ್ಳಿ. ಗಾಡಿ ಕೆಟ್ಟರೆ ಎಂಥ ಪರಿಸ್ಥಿತಿಯಲ್ಲೂ ಗಾಡಿ ಬಿಟ್ಟು ನಡೆದುಕೊಂಡು ಹೋಗಬೇಡಿ. ಅಲ್ಲಿ ಸತ್ತವರಲ್ಲಿ ಎಷ್ಟೋ ಜನ ಗಾಡಿ ಬಿಟ್ಟು ನಡೆದವರು.

ಬೋರ್‌ವೆಲ್_ಕೋಲಾರ

ಅಪ್ಪನ ಮೊದಲ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನಾನು ಕೋಲಾರದವನು, ಇಲ್ಲಿ ಅಂತರ್ಜಲದ ಕೆಲಸದಲ್ಲಿದ್ದೇನೆ. ನಮ್ಮೂರಲ್ಲಿ ಸಾವಿರ ಸಾವಿರದೈನೂರು ಅಡಿ ಕೊರೆಸಿ ಬರೀ ಧೂಳು ಬಂದದ್ದನ್ನು ಕಣ್ಣಾರೆ ಕಂಡವನಿಗೆ ಇಲ್ಲಿ ಕೊರೆದ ತೂತಿನಿಂದ ಪಂಪ್ ಇಲ್ಲದೆ, ಕರೆಂಟ್ ಇಲ್ಲದೆ, ಬಿಸಿನೀರು ತಾನಾಗಿ ಮೇಲೆ ಬರುವುದನ್ನು ಮೊದಲ ಸಲ ನೋಡಿದಾಗ ಮಾತೇ ಹೊರಡಲಿಲ್ಲ.

ಆ ನೆಲದ ಕೆಳಗೆ ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ದೊಡ್ಡ ಅಂತರ್ಜಲದ ಭಂಡಾರ ಇದೆ. 17 ಲಕ್ಷ ಚದರ ಕಿಲೋಮೀಟರ್, ಅಂದರೆ ಹೆಚ್ಚೂಕಡಿಮೆ ಒಂಬತ್ತು ಕರ್ನಾಟಕ. ದೂರದ ಪೂರ್ವದ ಬೆಟ್ಟಸಾಲಿನಲ್ಲಿ ಬಿದ್ದ ಮಳೆ ಮರಳುಗಲ್ಲಿನೊಳಗೆ ಇಂಗಿ ಬಹಳ ನಿಧಾನಕ್ಕೆ ಹರಿಯುತ್ತಾ ಬರುತ್ತದೆ. ಕೆಲವು ಕಡೆ ಆ ನೀರಿಗೆ ಹತ್ತು ಲಕ್ಷ ವರ್ಷಕ್ಕೂ ಜಾಸ್ತಿ ವಯಸ್ಸು. ಮೇಲೆ ಜೇಡಿಯ ಪದರ ಮುಚ್ಚಿಕೊಂಡಿರುವುದರಿಂದ ಒತ್ತಡ ಇರುತ್ತದೆ, ತೂತು ಕೊರೆದರೆ ನೀರು ಚಿಮ್ಮುತ್ತದೆ.

ಈ ನೀರು ಹೊರಗೆ ಬರುವ ಅಂಚೇ ನೀವು ಹೋಗುವ ದಾರಿ. ಮಾರೀ ಬಿಟ್ಟು ವಿಲಿಯಂ ಕ್ರೀಕ್‌ಗೆ ಹೋಗುವಾಗ ದಾರಿಯ ಪಕ್ಕದಲ್ಲೇ ಬ್ಲಾಂಚ್ ಕಪ್, ಬಬ್ಲರ್ ಅಂತ ಎರಡು ಊಟೆಗಳಿವೆ. ತಪ್ಪದೆ ನಿಲ್ಲಿಸಿ. ಬಬ್ಲರ್‌ನಲ್ಲಿ ತಳದ ಮರಳು ಅನ್ನದ ಎಸರು ಕುದಿಯುವ ಹಾಗೆ ಏಳುತ್ತಾ ಬೀಳುತ್ತಾ ಇರುತ್ತದೆ, ಆದರೆ ನೀರು ಕುದಿಯುವಷ್ಟು ಬಿಸಿ ಅಲ್ಲ. 1859ರಲ್ಲಿ ಜಾನ್ ಮೆಕ್‌ಡೂವಲ್ ಸ್ಟುವರ್ಟ್ ಎಂಬ ಅನ್ವೇಷಕ ಈ ಊಟೆಗಳ ಸಾಲನ್ನು ಹಿಡಿದೇ ಉತ್ತರಕ್ಕೆ ಹೋದದ್ದು. ಅವನ ಹಿಂದೆ 1872ರಲ್ಲಿ ಟೆಲಿಗ್ರಾಫ್ ತಂತಿ, ಆಮೇಲೆ ರೈಲು, ಎಲ್ಲವೂ ಅದೇ ದಾರಿ. ಹಬೆ ಎಂಜಿನ್ನಿಗೂ ನೀರು ಬೇಕಲ್ಲ. ಆ ಹಳೆಯ ರೈಲುದಾರಿ 1980ರಲ್ಲಿ ನಿಂತುಹೋಯಿತು, ಕಂಬ, ಸೇತುವೆ, ಪಾಳುಬಿದ್ದ ರೈಲು ಸ್ಟೇಷನ್‌ಗಳು ಇನ್ನೂ ಇವೆ.

ಈಗ ದನದ ವಿಷಯ. ಸಂಜೆ ಯಾರೂ ಹೊಡೆದುಕೊಂಡು ಬರುವುದಿಲ್ಲ. ದನಗಳೇ ನೀರಿಗೆ ಬರುತ್ತವೆ. ದನ ನೀರಿನಿಂದ ಎಂಟು ಹತ್ತು ಕಿಲೋಮೀಟರ್‌ಗಿಂತ ದೂರ ಮೇಯಲು ಹೋಗುವುದು ಕಡಿಮೆ, ಹೋದರೂ ತಿರುಗಿ ಬರಲೇಬೇಕು. ಹಾಗಾಗಿ ಆ ಜಾಗವನ್ನು ಎಕರೆ ಲೆಕ್ಕದಲ್ಲಿ ನೋಡಬೇಡಿ, ತೊಟ್ಟಿ ಲೆಕ್ಕದಲ್ಲಿ ನೋಡಿ. ತೊಟ್ಟಿ ಎಲ್ಲಿದೆಯೋ ಅದರ ಸುತ್ತ ಒಂದು ಹಿಂಡು. ತೊಟ್ಟಿ ಇಲ್ಲದ ಕಡೆ ಎಷ್ಟೇ ಹುಲ್ಲಿದ್ದರೂ ದನಕ್ಕೆ ಸೇರಿದ್ದಲ್ಲ. ಸ್ಟೇಷನ್ ಕೆಲಸದವರ ದಿನದ ದೊಡ್ಡ ಕೆಲಸ ಅಂದರೆ ಗಾಡಿಯಲ್ಲೋ ವಿಮಾನದಲ್ಲೋ ತೊಟ್ಟಿಯಿಂದ ತೊಟ್ಟಿಗೆ ತಿರುಗಿ ನೀರು ಬರುತ್ತಿದೆಯಾ, ವಾಲ್ವ್ ಸರಿ ಇದೆಯಾ ಅಂತ ನೋಡುವುದು. ಬೇಸಿಗೆಯಲ್ಲಿ ಒಂದು ಪೈಪು ಒಡೆದು ಎರಡು ದಿನ ಯಾರೂ ನೋಡದಿದ್ದರೆ ಮುಗಿಯಿತು.

ಹಿಡಿಯುವುದೂ ನೀರಿನಿಂದಲೇ. ತೊಟ್ಟಿಯ ಸುತ್ತ ದೊಡ್ಡಿ ಕಟ್ಟಿರುತ್ತಾರೆ. ಒಳಗೆ ಹೋಗಲು ಒಂದು ಬಾಗಿಲು, ಹೊರಗೆ ಬರಲು ಒಂದು. ಮಲೆನಾಡಿನಲ್ಲಿ ಮೀನು ಹಿಡಿಯುವ ಕೂಣಿ ನೋಡಿದ್ದೀರಲ್ಲ, ಹಾಗೆಯೇ ಒಳಮುಖವಾಗಿ ಕಿರಿದಾಗುವ ಕಬ್ಬಿಣದ ಕೊಳವೆಗಳು: ದನ ತಳ್ಳಿಕೊಂಡು ಒಳಗೆ ಹೋಗಬಹುದು, ಅದೇ ದಾರಿಯಲ್ಲಿ ವಾಪಸ್ ಬರಲಾಗುವುದಿಲ್ಲ. ಮಾಮೂಲಿ ದಿನಗಳಲ್ಲಿ ಹೊರಬಾಗಿಲು ತೆರೆದಿರುತ್ತದೆ. ಬೇಕಾದ ದಿನ ಅದನ್ನು ಮುಚ್ಚುತ್ತಾರೆ. ದೂರದಲ್ಲಿ ಉಳಿದವನ್ನು ಹೆಲಿಕಾಪ್ಟರ್, ಮೋಟರ್‌ಬೈಕ್ ಇಟ್ಟುಕೊಂಡು ಕೂಡಿಸುತ್ತಾರೆ. ಆಮೇಲೆ ಮೂರು ಟ್ರೇಲರ್ ಕಟ್ಟಿದ ರೋಡ್ ಟ್ರೈನ್‌ಗೆ ಹತ್ತಿಸುತ್ತಾರೆ, ಅದು ಐವತ್ತು ಮೀಟರ್‌ಗೂ ಉದ್ದ. ಎದುರಿಗೆ ಬಂದರೆ ರಸ್ತೆಯಿಂದ ಕೆಳಗಿಳಿದು ನಿಂತುಬಿಡಿ, ಧೂಳು ಇಳಿಯುವ ತನಕ ಏನೂ ಕಾಣುವುದಿಲ್ಲ.

ಇನ್ನೊಂದು ಮಾತು, ಇದು ನನ್ನ ಎದೆಗೆ ಹತ್ತಿರದ ವಿಷಯ. 1880ರ ದಶಕದಿಂದ ಇಲ್ಲಿ ಬೋರ್ ಕೊರೆದು ಬಾಯಿ ಮುಚ್ಚದೆ ಬಿಟ್ಟರು. ನೀರು ಹಗಲು ರಾತ್ರಿ ತೆರೆದ ಕಾಲುವೆಯಲ್ಲಿ ಹರಿದು ಬಹುಪಾಲು ಆವಿಯಾಗಿ ಹೋಯಿತು. ಒತ್ತಡ ಇಳಿಯಿತು, ಎಷ್ಟೋ ಊಟೆಗಳು ಬತ್ತಿದವು. ಆಮೇಲೆ ಬುದ್ಧಿ ಬಂದು, ಸರ್ಕಾರದ ದುಡ್ಡು ರೈತರ ದುಡ್ಡು ಎರಡೂ ಹಾಕಿ ಬೋರ್‌ಗಳಿಗೆ ಮುಚ್ಚಳ, ಕಾಲುವೆ ಬದಲು ಪೈಪು ಹಾಕುತ್ತಾ ಬಂದಿದ್ದಾರೆ. ಕೆಲವು ಕಡೆ ಒತ್ತಡ ತಿರುಗಿ ಏರಿದೆ. ಕೋಲಾರದಲ್ಲಿ ಬೆಳೆದ ನನಗೆ ಅದು ಸಣ್ಣ ಸಂಗತಿ ಅಲ್ಲ.

ಕಾವಲು_ಚಳ್ಳಕೆರೆ

ಬೋರ್‌ವೆಲ್ ಅಣ್ಣ ಬರೆದದ್ದು ಓದಿ ತುಂಬಾ ಖುಷಿಯಾಯಿತು. ನಾನು ಅಪ್ಪನ ಎರಡನೇ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ‘ಖಾಲಿ’ ಅನ್ನುವ ಮಾತು ಕೇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ.

ಅಲ್ಲಿ ಬೇಸಾಯ ಯಾಕಿಲ್ಲ ಅಂದರೆ ಮಳೆ ಇಲ್ಲ. ವರ್ಷಕ್ಕೆ ನೂರು ನೂರೈವತ್ತು ಮಿಲಿಮೀಟರ್ ಬಿದ್ದರೆ ಹೆಚ್ಚು, ಅದೂ ಯಾವ ವರ್ಷ ಅಂತ ನೆಚ್ಚಿಕೊಳ್ಳುವಂತಿಲ್ಲ. ಒಣ ಪ್ರದೇಶ ಅನ್ನಿಸಿಕೊಂಡ ನಮ್ಮ ಚಳ್ಳಕೆರೆಯಲ್ಲೇ ಅದರ ಮೂರು ನಾಲ್ಕು ಪಟ್ಟು ಬೀಳುತ್ತದೆ. ಒಳ್ಳೆಯ ವರ್ಷದಲ್ಲಿ ಅನ್ನಾ ಕ್ರೀಕ್ ಹದಿನೈದು ಹದಿನಾರು ಸಾವಿರ ದನ ಸಾಕುತ್ತದೆ ಅನ್ನುತ್ತಾರೆ, ಅಂದರೆ ಒಂದು ದನಕ್ಕೆ ಸುಮಾರು 370 ಎಕರೆ. ಬರ ಬಂದರೆ ಅದೂ ಇಲ್ಲ, 2008ರ ಸುಮಾರಿಗೆ ಹೆಚ್ಚಿನ ದನಗಳನ್ನು ಬೇರೆ ಕಡೆ ಸಾಗಿಸಿಬಿಟ್ಟಿದ್ದರು. ಜಾಗ ಸ್ಟೇಷನ್‌ನವರ ಸ್ವಂತದ್ದೂ ಅಲ್ಲ. ಸರ್ಕಾರದ ನೆಲ, ಮೇಯಿಸಲು ಮಾತ್ರ ಗುತ್ತಿಗೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆ ಗುತ್ತಿಗೆ 42 ವರ್ಷದ್ದು. ನೆಲ ಹಾಳಾಗುವಷ್ಟು ದನ ಬಿಟ್ಟರೆ ಕೇಳುವವರಿದ್ದಾರೆ.

ಆದರೆ ಖಾಲಿ? ಅದು ಅರಬಾನಾ ಜನರ ನೆಲ. ಸಾವಿರಾರು ವರ್ಷ ಆ ಊಟೆಗಳ ನೀರು ಕುಡಿದು ಬದುಕಿದವರು ಅವರು. ಪ್ರತಿ ಊಟೆಗೂ ಅವರಲ್ಲಿ ಹೆಸರಿದೆ, ಕಥೆ ಇದೆ. ಸ್ಟುವರ್ಟ್ ‘ಕಂಡುಹಿಡಿದ’ ಅಂತ ಬರೆಯುತ್ತಾರಲ್ಲ, ಅಲ್ಲಿ ಆಗಲೇ ಜನ ಇದ್ದರು. 2012ರಲ್ಲಿ ಕೋರ್ಟು ಅವರ ಹಕ್ಕನ್ನು ಒಪ್ಪಿತು. ಆ ಪಕ್ಕದ ದೊಡ್ಡ ಉಪ್ಪಿನ ಸರೋವರಕ್ಕೆ ಈಗ ಅವರ ಹೆಸರೂ ಸೇರಿದೆ, ಕಾಟಿ ತಂಡಾ–ಲೇಕ್ ಐರ್. ಈ ಸ್ಟೇಷನ್‌ಗಳಲ್ಲಿ ಮೊದಲ ಕಾಲದಲ್ಲಿ ಕುದುರೆ ಹತ್ತಿ ದನ ಕಾದವರಲ್ಲೂ ಮೂಲನಿವಾಸಿಗಳೇ ಬಹಳ ಜನ, ಅವರಿಗೆ ಸರಿಯಾದ ಕೂಲಿ ಸಿಗಲು 1960ರ ದಶಕದ ತನಕ ಕಾಯಬೇಕಾಯಿತು.

ಖಾಲಿ ಅಂದುಕೊಂಡ ಕಾರಣಕ್ಕೇ ಆ ಸುತ್ತಿನ ನೆಲದಲ್ಲಿ 1947ರಲ್ಲಿ ವೂಮೆರಾ ರಾಕೆಟ್ ಪರೀಕ್ಷಾ ನೆಲೆ ಶುರುವಾಯಿತು. 1953ರಲ್ಲಿ ಇನ್ನೂ ಪಶ್ಚಿಮಕ್ಕೆ ಎಮು ಫೀಲ್ಡ್‌ನಲ್ಲಿ, ಆಮೇಲೆ ಮರಲಿಂಗಾದಲ್ಲಿ ಬ್ರಿಟಿಷರು ಅಣುಬಾಂಬ್ ಸಿಡಿಸಿದರು. ಅಲ್ಲಿ ಜನ ಇದ್ದರು. ಅವರ ಮೇಲೆ ಧೂಳು ಬಿತ್ತು.

ಇದನ್ನು ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ನಮ್ಮ ಅಮೃತಮಹಲ್ ಕಾವಲನ್ನೂ ‘ಖಾಲಿ ಜಾಗ’ ಅಂತಲೇ ಕಾಗದದಲ್ಲಿ ಬರೆದರು. ಹತ್ತಿರ ಹತ್ತಿರ ಹತ್ತು ಸಾವಿರ ಎಕರೆ ಬೇರೆ ಬೇರೆ ಕೆಲಸಕ್ಕೆ ಹೋಯಿತು, ಗೋಡೆ ಎದ್ದಿತು. ನನ್ನ ದೊಡ್ಡಪ್ಪ ಎಂಬತ್ತು ಕುರಿ ಇಟ್ಟುಕೊಂಡಿದ್ದವರು, ಗೋಡೆ ಬಂದ ಎರಡನೇ ವರ್ಷ ಎಲ್ಲಾ ಮಾರಿದರು. ಕೃಷ್ಣಮೃಗ ಓಡಾಡುತ್ತಿದ್ದ ಹುಲ್ಲು ಅದು. ಕಂಬಳಿ ನೇಯುವವರಿಗೆ ಉಣ್ಣೆ ಬರುತ್ತಿದ್ದದ್ದು ಆ ಹುಲ್ಲಿನಿಂದ. ಯಾರೂ ಮನೆ ಕಟ್ಟಿಲ್ಲ ಅಂದ ಮಾತ್ರಕ್ಕೆ ಖಾಲಿ ಅಲ್ಲ. ಮೇಯುವ ನೆಲ ನೋಡಲು ಹಾಗೆಯೇ ಇರುತ್ತದೆ. ನಿಮ್ಮ ಅಪ್ಪನಿಗೆ ಗೋಮಾಳ ಅಂದರೆ ಅರ್ಥವಾಗುತ್ತದೆ, ಹಾಗೆ ಹೇಳಿ.

ದನದ_ಡಾಕ್ಟರ್_ಧಾರವಾಡ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಒಂದು ಸೇರಿಸುತ್ತೇನೆ, ಅಪ್ಪನಿಗೆ ಖಂಡಿತ ಇಷ್ಟವಾಗುತ್ತದೆ.

ಆ ಬಯಲಿನ ದನಗಳಲ್ಲಿ ಸಾಂತಾ ಗರ್ಟ್ರೂಡಿಸ್ ಅಂತ ಒಂದು ತಳಿ ಇದೆ. ಗಾಢ ಕೆಂಪು ಬಣ್ಣ. ಅಮೆರಿಕದ ಟೆಕ್ಸಸ್‌ನಲ್ಲಿ ಮಾಡಿದ ತಳಿ, 1950ರ ದಶಕದಲ್ಲಿ ಆಸ್ಟ್ರೇಲಿಯಾಕ್ಕೆ ಬಂತು. ಅದರಲ್ಲಿ ಎಂಟರಲ್ಲಿ ಐದು ಭಾಗ ಇಂಗ್ಲೆಂಡಿನ ಶಾರ್ಟ್‌ಹಾರ್ನ್, ಮೂರು ಭಾಗ ಬ್ರಾಹ್ಮನ್. ಬ್ರಾಹ್ಮನ್ ಅಂದರೆ ನಮ್ಮ ದೇಶದ ದನಗಳಿಂದ ಅಮೆರಿಕದಲ್ಲಿ ಬೆಳೆಸಿದ ತಳಿ: ಗೀರ್, ಗುಜರಾತಿನ ಕಾಂಕ್ರೇಜ್, ಒಂಗೋಲ್, ಜೊತೆಗೆ ನಮ್ಮ ವಿಜಯಪುರ ಬೆಳಗಾವಿ ಕಡೆಯ ಕೃಷ್ಣಾ ತೀರದ ದನ. ಬಿಸಿಲು ತಡೆಯುವ ಚರ್ಮ, ಉಣ್ಣೆಗೆ ಸುಲಭಕ್ಕೆ ಬಗ್ಗದ ಗುಣ ಆ ಕಡೆಯಿಂದ ಬಂದದ್ದು. (ಇಲ್ಲಿ ಉಣ್ಣೆ ಅಂದರೆ ದನಕ್ಕೆ ಕಚ್ಚುವ ಹುಳ, ಉಣುಗು.) ಅಪ್ಪನಿಗೆ ಕುತ್ತಿಗೆಯ ಕೆಳಗೆ ನೋಡಲು ಹೇಳಿ. ಇಂಗ್ಲೆಂಡಿನ ದನಕ್ಕೆ ಅಷ್ಟು ಗಂಗೆದೊಗಲು ಇರುವುದಿಲ್ಲ.

ಮಾರೀಯಲ್ಲೂ ಸ್ವಲ್ಪ ಹೊತ್ತು ನಿಲ್ಲಿ. ರೈಲು ಬರುವ ಮೊದಲು, ಬಂದ ಮೇಲೂ, ಆ ಬಯಲಿಗೆ ಸಾಮಾನು ಹೊತ್ತದ್ದು ಒಂಟೆ. ಒಂಟೆಯವರು ಬಂದದ್ದು ಬಲೂಚಿಸ್ತಾನ, ಪೇಶಾವರ, ಪಂಜಾಬ್, ಸಿಂಧ್ ಕಡೆಯಿಂದ, ಆಗ ಅದರಲ್ಲಿ ಬಹುಪಾಲು ಬ್ರಿಟಿಷ್ ಇಂಡಿಯಾ. ಇಲ್ಲಿಯವರು ಎಲ್ಲರನ್ನೂ ‘ಆಫ್ಘನ್’ ಅಂದರು. ಆ ರೈಲಿಗೆ ‘ಘಾನ್’ ಅಂತ ಹೆಸರು ಬಂದದ್ದು ಅದರಿಂದ ಅನ್ನುತ್ತಾರೆ. ಊರಿನಲ್ಲಿ ರೈಲುಹಳಿಯ ಒಂದು ಬದಿ ಬಿಳಿಯರು, ಇನ್ನೊಂದು ಬದಿ ಇವರು ಮತ್ತು ಮೂಲನಿವಾಸಿಗಳು. ಅವರು ಕಟ್ಟಿದ್ದ ಪುಟ್ಟ ಮಣ್ಣಿನ ಮಸೀದಿಯ ಮಾದರಿಯನ್ನು ಅಲ್ಲೇ ಮತ್ತೆ ಕಟ್ಟಿದ್ದಾರೆ.

ಸ್ಟೇಷನ್ ಮನೆಗೆ ಕೇಳದೆ ಹೋಗಬೇಡಿ, ಅದು ಅವರ ಮನೆ. ಗೇಟ್ ಸಿಕ್ಕರೆ ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚಿ. ತೊಟ್ಟಿಯ ಹತ್ತಿರ ಟೆಂಟ್ ಹಾಕಬೇಡಿ. ಮನುಷ್ಯರನ್ನು ಕಂಡರೆ ದನ ನೀರಿಗೆ ಬರುವುದಿಲ್ಲ, ಬಾಯಾರಿಕೊಂಡೇ ದೂರ ನಿಂತಿರುತ್ತವೆ.

ತಿಪಟೂರಿನವನು

ಹೋಗಿ ಬಂದೆವು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಅಪ್ಪ ಹೋದ ವಾರ ಊರಿಗೆ ಹೊರಟರು.

ರಸ್ತೆ ಒಂದು ದಿನ ಮುಚ್ಚಿತ್ತು, ಮಾರೀಯಲ್ಲೇ ಉಳಿದೆವು. ಅಕ್ಕ, ಮಾತ್ರೆ ಜಾಸ್ತಿ ಇಟ್ಟುಕೊಂಡದ್ದು ಒಳ್ಳೆಯದಾಯಿತು.

ವಿಲಿಯಂ ಕ್ರೀಕ್‌ಗೆ ಇನ್ನೂ ಒಂದು ಗಂಟೆ ದಾರಿ ಇರುವಾಗ ಅಪ್ಪ ‘ನಿಲ್ಸು’ ಎಂದರು. ಇಳಿದು ನೆಲ ನೋಡಿಕೊಂಡು ಒಂದು ಇಪ್ಪತ್ತು ಹೆಜ್ಜೆ ಹೋದರು. ಕೆಂಪು ಮಣ್ಣಿನಲ್ಲಿ ದನ ನಡೆದ ಕಾಲುದಾರಿ, ಒಂದೇ ದನ ಹಿಡಿಸುವಷ್ಟು ಸಪೂರ, ಗೊರಸಿಗೆ ಸಿಕ್ಕಿ ಮಣ್ಣು ಹಿಟ್ಟಿನ ಹಾಗೆ ಆಗಿತ್ತು. ಸ್ವಲ್ಪ ಆಚೆ ಇನ್ನೊಂದು. ಅದರಾಚೆ ಇನ್ನೊಂದು. ಅಪ್ಪ ಕೈ ಚಾಚಿ, ‘ಎಲ್ಲಾ ದಾರಿನೂ ಒಂದೇ ಕಡೀಕೆ ಕೂಡ್ತಾವೆ ನೋಡು. ನೀರು ಅಲ್ಲೇ ಐತೆ’ ಎಂದರು. ನನಗೆ ಏನೂ ಕಾಣಲಿಲ್ಲ. ಗಾಡಿಯಲ್ಲಿ ನಿಧಾನಕ್ಕೆ ಮುಂದೆ ಹೋದಾಗ ಒಂದು ಟ್ಯಾಂಕು, ಅದರ ಪಕ್ಕ ತೊಟ್ಟಿ ಕಂಡಿತು. ಬೋರ್‌ವೆಲ್ ಅಣ್ಣ ಹೇಳಿದ್ದನ್ನು ನಾನು ಅವರಿಗೆ ಇನ್ನೂ ಹೇಳಿರಲೇ ಇಲ್ಲ.

ದೂರದಲ್ಲೇ ನಿಂತು ಮುಕ್ಕಾಲು ಗಂಟೆ ಕಾದೆವು. ಮೂವತ್ತು ನಲವತ್ತು ಕೆಂಪು ದನ ಸಾಲಾಗಿ ಬಂದವು. ಮುಂದೆ ಒಂದು ಮುದಿ ಹಸು. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಒಂದು ಮಾತೂ ಆಡಲಿಲ್ಲ. ಕೊನೆಗೆ ‘ಗಂಗೆದೊಗ್ಲು ನಮ್ಮ ಕಡೇದೇ’ ಎಂದರು. ಆ ರಾತ್ರಿ ಅಮ್ಮನಿಗೆ ಹೋಟೆಲಿನ ವೈಫೈನಲ್ಲಿ ಫೋನ್ ಮಾಡಿ ಅರ್ಧ ಗಂಟೆ ಆ ಮುದಿ ಹಸುವಿನ ಬಗ್ಗೆಯೇ ಹೇಳಿದರು.

ಖಾಲಿ ಜಾಗ ಅಂತ ಅವರು ಮತ್ತೆ ಅನ್ನಲಿಲ್ಲ. ಚಳ್ಳಕೆರೆಯವರ ಮಾತನ್ನು ಓದಿ ಹೇಳಿದೆ. ನಮ್ಮೂರ ಗೋಮಾಳದ ಅರ್ಧ ಸೈಟಾಗಿ ಹೋದದ್ದನ್ನು ನೆನೆಸಿಕೊಂಡು ಸುಮಾರು ಹೊತ್ತು ಸುಮ್ಮನಿದ್ದರು.

ಏರ್‌ಪೋರ್ಟಿನಲ್ಲಿ ಒಂದು ಪ್ರಶ್ನೆ ಕೇಳಿ ಹೋಗಿದ್ದಾರೆ. ಡಾಕ್ಟರ್ ಸರ್, ನೀವೇ ಹೇಳಬೇಕು: ಅಷ್ಟು ಸಾವಿರ ದನದಲ್ಲಿ ಯಾವುದಕ್ಕಾದರೂ ಹೆಸರು ಇಟ್ಟಿರುತ್ತಾರಾ?

ದನದ_ಡಾಕ್ಟರ್_ಧಾರವಾಡ

ಹಿಂಡಿನ ದನಕ್ಕೆ ಇಲ್ಲ. ಕಿವಿಗೆ ಎಲೆಕ್ಟ್ರಾನಿಕ್ ಟ್ಯಾಗ್, ಮೈಮೇಲೆ ಸ್ಟೇಷನ್‌ನ ಮುದ್ರೆ, ಅಷ್ಟೇ. ಆದರೆ ತಾಯಿ ಸತ್ತ ಕರುಗಳನ್ನು ಸ್ಟೇಷನ್ ಮನೆಗೆ ತರುತ್ತಾರೆ. ಇಲ್ಲಿ ಅವನ್ನು ‘ಪಾಡಿ’ ಅನ್ನುತ್ತಾರೆ. ಮನೆಯ ಮಕ್ಕಳು ಬೆಳಿಗ್ಗೆ ಸಂಜೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕುತ್ತಾರೆ. ಆ ಕರುಗಳಿಗೆ ಹೆಸರಿರುತ್ತದೆ, ಕೂಗಿದರೆ ಓಡಿಯೂ ಬರುತ್ತವೆ. ಅಪ್ಪನಿಗೆ ಹೇಳಿ.